ಮೈಸೂರಲ್ಲಿ ಪ್ರಾಣಿಗಳ ಎಮರ್ಜೆನ್ಸಿ ಆಸ್ಪತ್ರೆ, ರಾತ್ರಿ ಪಾಳಿ ಅಸಿಸ್ಟೆಂಟ್ ಕೆಲಸ: ಸೇರ್ಕೊಳ್ಳಲಾ ಬೇಡ್ವಾ?

ಪಾಂಡವಪುರದ_ಹೈದ

ನಮಸ್ಕಾರ ಎಲ್ರಿಗೂ. ನಮ್ಮೂರು ಪಾಂಡವಪುರದ ಹತ್ರ. ಪಿಯುಸಿ ಸೈನ್ಸ್ ಆಗಿದೆ. ವೆಟರಿನರಿ ಸೀಟಿಗೆ ಬರೆದಿದ್ದೆ, ಸಿಗಲಿಲ್ಲ. ರ್‍ಯಾಂಕ್ ಮಾತ್ರ ಕೇಳ್ಬೇಡಿ.

ಈಗ ಮೈಸೂರಲ್ಲಿ ದಿನದ ಇಪ್ಪತ್ನಾಲ್ಕು ಗಂಟೆನೂ ತೆಗೆದಿರೋ ಒಂದು ಖಾಸಗಿ ಪ್ರಾಣಿ ಆಸ್ಪತ್ರೇಲಿ ಅಸಿಸ್ಟೆಂಟ್ ಬೇಕು ಅಂತ ಗೊತ್ತಾಯ್ತು. ಹೋಗಿ ಮಾತಾಡ್ದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ವಾರಕ್ಕೊಂದು ರಜ, ಸಂಬಳ ಹದಿಮೂರು ಸಾವಿರ, 'ಕೆಲಸ ನೋಡ್ಕೊಂಡು ಆಮೇಲೆ ಜಾಸ್ತಿ ಮಾಡೋಣ' ಅಂದವ್ರೆ. ಮನೇಲಿ ಹಸ, ಎಮ್ಮೆ ಅಂತ ಹುಟ್ಟಿದಾಗಿಂದ ನೋಡಿರೋದ್ರಿಂದ ಪ್ರಾಣಿ ಅಂದ್ರೆ ಭಯ ಇಲ್ಲ. ಆದ್ರೆ ಜರ್ಮನ್ ಶೆಪರ್ಡ್ ಹಿಡ್ಕೊಂಡು ಗೊತ್ತಿಲ್ಲ.

ನಮ್ಮಪ್ಪ ಕೇಳಿದ ತಕ್ಷಣ ಅಂದಿದ್ದು, 'ಪಿಯುಸಿ ಓದಿ ನಾಯಿ ಉಚ್ಚೆ ಬಳಿಯಕ್ಕೆ ಓಯ್ತಿಯೇನ್ಲಾ?'

ಒಳಗಡೆ ನಿಜವಾಗ್ಲೂ ಏನು ಕೆಲಸ ಇರುತ್ತೆ? ಮುಂದಕ್ಕೆ ಏನಾದ್ರೂ ದಾರಿ ಇದೆಯಾ? ಈ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ.

ವಿಸಿ_ನಾಲೆ

ಹನ್ನೆರಡು ಗಂಟೆಗೆ ಹದಿಮೂರು ಸಾವ್ರನಾ. ಬುಡು ಮಗಾ, ಊರಲ್ಲೇ ಇರು.

ರಾತ್ರಿಪಾಳಿ_ರಾಣಿ

ನಾನು ಮೈಸೂರಲ್ಲಿ ಇದೇ ಕೆಲಸದಲ್ಲಿದೀನಿ, ಹೆಚ್ಚಾಗಿ ರಾತ್ರಿ. ಯಾವ ಆಸ್ಪತ್ರೆ ಅಂತ ಹೇಳಲ್ಲ.

ಮೊದಲು ನಿಮ್ಮಪ್ಪನ ಪ್ರಶ್ನೆ. ಹೌದು, ಬಳಿಯೋದಿದೆ. ಬರೀ ಉಚ್ಚೆ ಆಗಿದ್ರೆ ಅವತ್ತು ಪುಣ್ಯ ಅನ್ಕೋಬೇಕು. ಪಾರ್ವೊ ಅನ್ನೋ ವೈರಸ್ ರೋಗ ಬಂದಿರೋ ನಾಯಿಮರಿ ರಕ್ತಭೇದಿ ಮಾಡ್ಕೊಂಡಿರುತ್ತೆ, ಆ ವಾಸನೆ ಒಂದ್ಸಲ ಮೂಗಿಗೆ ಹತ್ತಿದ್ರೆ ಮುಂದೆ ಬಾಗಿಲಲ್ಲೇ ಗೊತ್ತಾಗಿಬಿಡುತ್ತೆ. ಅದನ್ನ ಸುಮ್ನೆ ಫಿನಾಯ್ಲ್ ಹಾಕಿ ಒರೆಸಿದ್ರೆ ಆ ವೈರಸ್ ಸಾಯಲ್ಲ. ಮೊದಲು ಕೊಳೆ ತೆಗೆದು ಸೋಪಲ್ಲಿ ತೊಳೀಬೇಕು, ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಹಾಗೇ ಬಿಡ್ಬೇಕು, ಬಟ್ಟೆ ಕೈಗವಸು ಬದಲಾಯಿಸಿ ಆಮೇಲೇ ಬೇರೆ ಮರಿ ಮುಟ್ಟಬೇಕು. ನೀನು ಸರಿಯಾಗಿ ಬಳಿದ್ಯಾ ಇಲ್ವಾ ಅನ್ನೋದ್ರ ಮೇಲೆ ಇನ್ನೊಂದು ಮರಿ ಬದುಕೋದು ನಿಂತಿರುತ್ತೆ. ಇದನ್ನ ಅಪ್ಪಂಗೆ ಹೇಳು.

ಎರಡನೇದು, ಹಿಡಿಯೋದು. ಕೆಲಸದ ಮುಕ್ಕಾಲು ಪಾಲು ಇದೇ. ಡಾಕ್ಟ್ರು ಮುಂಗಾಲಿಗೆ ಕ್ಯಾನುಲಾ (ಡ್ರಿಪ್ ಬಿಡೋ ಸಣ್ಣ ನಳಿಗೆ) ಹಾಕ್ಬೇಕು ಅಂದ್ರೆ ನಾಯಿ ಕುತ್ತಿಗೆ ನಿನ್ನ ತೋಳಲ್ಲಿ, ಮೊಣಕೈ ಹಿಂದೆ ನಿನ್ನ ಇನ್ನೊಂದು ಕೈ, ಹೆಬ್ಬೆರಳಲ್ಲಿ ರಕ್ತನಾಳ ಒತ್ತಿ ಹೊರಕ್ಕೆ ತಿರುಗಿಸ್ಬೇಕು. ಜೋರಾಗಿ ಅಮುಕಿದ್ರೆ ನಾಯಿ ಇನ್ನೂ ಒದ್ದಾಡುತ್ತೆ. ಬೆಕ್ಕಿಗೆ ಟವೆಲ್. ಕಚ್ಚೋ ನಾಯಿಗೆ ಗಾಜ್ ಬ್ಯಾಂಡೇಜಲ್ಲೇ ಬಾಯಿಪಟ್ಟಿ ಕಟ್ಟೋದು ಮೊದಲ ವಾರದಲ್ಲೇ ಕಲೀಬೇಕು. ಆದ್ರೆ ಉಸಿರಿಗೆ ಒದ್ದಾಡ್ತಿರೋ ನಾಯಿಗೆ, ವಾಂತಿ ಮಾಡ್ತಿರೋ ನಾಯಿಗೆ ಅದನ್ನ ಕಟ್ಟೋ ಹಂಗಿಲ್ಲ.

ಮಿಕ್ಕಿದ್ದು: ಡ್ರಿಪ್ ಓಡ್ತಿದ್ಯಾ ನೋಡೋದು, ಟೆಂಪರೇಚರ್ ಬರೆಯೋದು (ನಾಯಿಗೆ 101, 102 ಡಿಗ್ರಿ ಜ್ವರ ಅಲ್ಲ, ಮಾಮೂಲು, ಮನೆಯವರಿಗೆ ಇದನ್ನ ಹೇಳೀ ಹೇಳೀ ಸಾಕಾಗುತ್ತೆ), ಒಸಡಿನ ಬಣ್ಣ ನೋಡೋದು, ಆಪರೇಷನ್ ಟೈಮಲ್ಲಿ ಉಸಿರು ಎಣಿಸೋದು, ಮೈ ತಣ್ಣಗಾಗದ ಹಾಗೆ ಹೊದಿಸೋದು, ಸಾಮಾನು ತೊಳೆದು ಹಬೇಲಿ ಕ್ರಿಮಿ ಸಾಯಿಸೋ ಆಟೋಕ್ಲೇವ್‌ಗೆ ಹಾಕೋದು. ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಎಳೀತಿರುತ್ತೆ, ಸರಿಯಾಗಿ ಆಗಲೇ ಯಾವುದಾದ್ರೂ ಮರಿ ಡ್ರಿಪ್ ಪೈಪ್ ಕಚ್ಚಿ ತುಂಡು ಮಾಡಿರುತ್ತೆ.

ಹಳ್ಳಿಕಾರ್_ಹೋರಿ

ಹೋಗು ಕಣಪ್ಪ, ಧೈರ್ಯವಾಗಿ ಹೋಗು. ಎರಡು ವರ್ಸ ಅಲ್ಲಿದ್ದು ಸೂಜಿ ಹಾಕದು, ಡ್ರಿಪ್ ಕಟ್ಟದು ಕಲ್ತ್ಕೊಂಡು ಊರಿಗೆ ಬಂದ್ಬುಡು. ನಮ್ಮ ಕಡೆ ಒಬ್ಬ ಹಂಗೇ ಬಂದವ್ನೆ, ಈಗ ಸುತ್ತಮುತ್ತ ಹಳ್ಳಿಗೆಲ್ಲ ಅವ್ನೇ ಡಾಕ್ಟ್ರು. ಫೋನ್ ಮಾಡಿದ್ರೆ ಬೈಕಲ್ಲಿ ಬತ್ತನೆ. ಹದಿಮೂರು ಸಾವ್ರ ಅವ್ನು ಒಂದು ವಾರ್ದಲ್ಲಿ ನೋಡ್ತನೆ.

ಪಶುವೈದ್ಯೆ_ಮಳವಳ್ಳಿ

@ಹಳ್ಳಿಕಾರ್_ಹೋರಿ ಅಣ್ಣ, ದಯವಿಟ್ಟು ಹುಡುಗನ ತಲೆಗೆ ಈ ಹುಳ ಬಿಡ್ಬೇಡಿ.

ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಅಂತ ಇದೆ, 1984ರದ್ದು. ಅದರ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಕೊಡಬಹುದು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರೋರಿಗೆ ಸರ್ಕಾರ ಅನುಮತಿ ಕೊಟ್ರೆ ಸಣ್ಣಪುಟ್ಟ ಸೇವೆ ಮಾಡಬಹುದು, ಅಂದ್ರೆ ಲಸಿಕೆ, ಹೋರಿ ಬೀಜ ಒಡೆಯೋದು, ಗಾಯಕ್ಕೆ ಡ್ರೆಸಿಂಗ್, ಪ್ರಥಮ ಚಿಕಿತ್ಸೆ ಇಂಥವು. ಅದೂ ವೈದ್ಯರ ಉಸ್ತುವಾರಿಯಲ್ಲಿ. ಖಾಸಗಿ ಆಸ್ಪತ್ರೇಲಿ ಕೈಕೆಲಸ ಕಲಿತ ಹುಡುಗನಿಗೆ ಅದೂ ಇಲ್ಲ.

ನಿಮ್ಮೂರಿನ 'ಡಾಕ್ಟ್ರು' ಕೈ ಹಾಕಿದ ಕೇಸುಗಳ ಕೊನೇ ಭಾಗ ನೋಡೋರು ನಾವು.

ಹಳ್ಳಿಕಾರ್_ಹೋರಿ

ಮೇಡಮ್, ಕಾಯ್ದೆ ನಮಗೂ ಗೊತ್ತು. ರಾತ್ರಿ ಎರಡು ಗಂಟೆಲಿ ಕರು ಹಾಕಿದ ಹಸ ಮಲಗ್ಬುಡ್ತು, ಕತ್ತು ಮಗ್ಗುಲಿಗೆ ತಿರುಗ್ಸಿ ಹೊಟ್ಟೆ ಮೇಲಿಟ್ಕೊಂಡು ಕಣ್ಣು ಮುಚ್ತಾ ಐತೆ. ಎಂಬತ್ತು ಸಾವ್ರದ ಹಸ. ಆ ಟೈಮಲ್ಲಿ 30ನೇ ಸೆಕ್ಷನ್ ಬತ್ತದಾ ನಮ್ಮ ಕೊಟ್ಟಿಗೆಗೆ? ಆ ಹುಡ್ಗ ಬಂದ, ಕ್ಯಾಲ್ಸಿಯಂ ಕಟ್ಟ್ದ, ಅರ್ಧ ಗಂಟೆಲಿ ಹಸ ಎದ್ದು ನಿಂತ್ಕತು. ಬರೇ ಓದಿರೋರೆ ಉಳಿಸ್ತರೆ ಅಂತ ಅನ್ಬೇಡಿ.

ಪಶುವೈದ್ಯೆ_ಮಳವಳ್ಳಿ

ನೀವು ಹೇಳಿದ್ದು ಹಾಲುಜ್ವರ. ಹೆಸರಲ್ಲಿ ಜ್ವರ ಇದ್ರೂ ಮೈ ತಣ್ಣಗಿರುತ್ತೆ. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಇಳಿದು ರಕ್ತದಲ್ಲಿ ಕಮ್ಮಿ ಆಗೋದು. ಕ್ಯಾಲ್ಸಿಯಂ ಕೊಟ್ರೆ ಎದ್ದೇಳುತ್ತೆ, ನೋಡಿದವರಿಗೆ ಪವಾಡ. ಅದಕ್ಕೇ ಹಳ್ಳೀಲಿ ಇದೊಂದೇ ಇಂಜೆಕ್ಷನ್‌ನಿಂದ ಎಷ್ಟೋ ಜನ ಡಾಕ್ಟ್ರಾಗಿದಾರೆ.

ಆದ್ರೆ ಅದೇ ಬಾಟಲಿ ಬೇಗ ಓಡಿಸಿದ್ರೆ ಹೃದಯ ನಿಲ್ಲುತ್ತೆ. ನಾವು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಕೊಂಡೇ ನಿಧಾನ ಬಿಡೋದು, ಬಡಿತ ಏರುಪೇರಾದ್ರೆ ನಿಲ್ಲಿಸೋದು. ಇನ್ನೊಂದು, ಮಲಗಿದ ಹಸು ಎಲ್ಲಾ ಹಾಲುಜ್ವರ ಅಲ್ಲ. ಕೆಚ್ಚಲು ಬಾವು ವಿಷವಾಗಿ ಏರಿದ್ರೂ ಮಲಗುತ್ತೆ, ಸೊಂಟ ಪೆಟ್ಟಾದ್ರೂ ಮಲಗುತ್ತೆ. ಎದ್ದ ಹಸು ಊರೆಲ್ಲ ಸುದ್ದಿಯಾಗುತ್ತೆ, ಸೂಜಿ ಚುಚ್ಚಿದ ಜಾಗದಲ್ಲೇ ಸತ್ತ ಹಸುಗೆ 'ಅದರ ಆಯಸ್ಸು ಅಷ್ಟೇ ಇತ್ತು' ಅಂತೀರ.

1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಡಾಕ್ಟರ್ ಸಮೇತ ಮನೆ ಬಾಗಿಲಿಗೆ ಬರುತ್ತೆ, ರಾತ್ರಿ ಹೊತ್ತೂ ಬರುತ್ತಾ ಅಂತ ಮೊದಲೇ ಕೇಳಿಟ್ಕೊಳ್ಳಿ. ತಾಲ್ಲೂಕು ಆಸ್ಪತ್ರೆ ಡಾಕ್ಟರ ನಂಬರ್ ಮೊದಲೇ ಇಟ್ಕೊಳ್ಳಿ. ಕರು ಹಾಕೋ ದಿನ ಹತ್ತಿರ ಇದ್ರೆ ಮುಂಚೇನೆ ಹೇಳಿಡಿ.

ಬೆಟ್ಟದ_ಹಕ್ಕಿ

ಮಧ್ಯ ಬಾಯಿ ಹಾಕ್ತೀನಿ. ಈ ಬೈಕ್ ಡಾಕ್ಟ್ರುಗಳ ಬ್ಯಾಗಲ್ಲಿ ಏನಿರುತ್ತೆ ನೋಡಿದೀರಾ? ಮನುಷ್ಯರ ನೋವಿನ ಔಷಧಿ ಡೈಕ್ಲೊಫೆನಾಕ್. ಹಸು ಎಮ್ಮೆಗೆ ಅದನ್ನ ಕೊಡೋದು 2006ರಿಂದಲೇ ನಿಷೇಧ. ಅದು ಮೈಯಲ್ಲಿದ್ದು ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತಿದ್ದು. ದೊಡ್ಡ ಬಾಟಲಿ ತಗೊಂಡು ದನಕ್ಕೆ ಚುಚ್ತಾರೆ ಅಂತಾನೇ 2015ರಲ್ಲಿ ಮನುಷ್ಯರ ಇಂಜೆಕ್ಷನ್‌ನೂ 3 ಮಿ.ಲೀ. ಗಾತ್ರಕ್ಕೆ ಇಳಿಸಿದ್ರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗೂ ಪಶು ಬಳಕೆಗೆ ನಿಷೇಧ ಬಂತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರೋ ರಣಹದ್ದು ಬೆರಳೆಣಿಕೆ. ನಿಮ್ಮ ಹಸ ಎದ್ದು ನಿಂತ್ಕೊಂಡಿದ್ದು ಸಂತೋಷ, ಬಿಲ್ ಯಾರು ಕಟ್ಟಿದ್ರು ಅಂತ ಅಷ್ಟೇ ನನ್ನ ಪ್ರಶ್ನೆ.

ಹಳ್ಳಿಕಾರ್_ಹೋರಿ

ಸರಿ ಬುಡಪ್ಪ. ಹದ್ದಿನ ಸಂಗತಿ ಗೊತ್ತಿರ್ನಿಲ್ಲ. ಆದ್ರೂ ರಾತ್ರಿ ಹೊತ್ತು ಯಾರು ಬತ್ತರೆ ಅನ್ನದು ಅಲ್ಲೇ ಐತೆ.

ಮೂರು_ಬೆಕ್ಕಿನ_ಮನೆ

ನಾನು ಆಸ್ಪತ್ರೆ ಕಡೆಯವಳಲ್ಲ, ಗಿರಾಕಿ ಕಡೆ. ಕುವೆಂಪುನಗರ. ಒಂದು ದೂರು ಇದೆ. ರಾತ್ರಿ ಹತ್ತೂವರೆಗೆ ನಾಯಿ ಕರ್ಕೊಂಡು ಹೋದೆ (ಬೆಕ್ಕಲ್ಲ, ತಂಗಿಯ ನಾಯಿ), ಕಿವಿ ಕೆರ್‍ಕೊಂಡು ರಕ್ತ ಬರ್ತಿತ್ತು. ನಮಗಿಂತ ಎಷ್ಟೋ ಹೊತ್ತಾದ್ಮೇಲೆ ಬಂದೋರು ಯಾರೋ ಒಂದು ಬೆಕ್ಕು ತಂದ್ರು, ಬುಟ್ಟೀಲಿ ಸುಮ್ನೆ ಕೂತಿತ್ತು. ಅದನ್ನ ಮೊದಲು ಒಳಗೆ ಕರ್ಕೊಂಡು ಹೋದ್ರು! ಅಸಿಸ್ಟೆಂಟ್ ಹುಡುಗನ್ನ ಕೇಳಿದ್ರೆ 'ಅದು ಅರ್ಜೆಂಟ್ ಮೇಡಮ್' ಅಂತ ಒಂದೇ ಮಾತು. ನಮ್ದು ಅರ್ಜೆಂಟ್ ಅಲ್ವಾ?

ರಾತ್ರಿಪಾಳಿ_ರಾಣಿ

ಅಕ್ಕ, ಆ ಬೆಕ್ಕು ಗಂಡಾಗಿತ್ತಾ?

ಮೂರು_ಬೆಕ್ಕಿನ_ಮನೆ

ಹೌದು. ಯಾಕೆ?

ರಾತ್ರಿಪಾಳಿ_ರಾಣಿ

ಬಹುಶಃ ಮೂತ್ರ ಕಟ್ಟಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣ, ಹರಳೋ ಲೋಳೆಯೋ ಅಡ್ಡ ಬಂದ್ರೆ ಪೂರ್ತಿ ಮುಚ್ಚಿಹೋಗುತ್ತೆ. ಮರಳಿನ ತಟ್ಟೇಲಿ ಮತ್ತೆ ಮತ್ತೆ ಹೋಗಿ ಕೂತು ಮುಕ್ಕರಿಯುತ್ತೆ, ಮನೆಯವರು ಮಲಬದ್ಧತೆ ಅನ್ಕೊಂಡು ಎಣ್ಣೆ ಕುಡಿಸ್ತಾ ಇರ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಹೃದಯ ನಿಲ್ಲುತ್ತೆ. ಸುಮ್ನೆ ಕೂತಿತ್ತು ಅಂದ್ರಲ್ಲ, ಅದೇ ಭಯ. ಬೊಗಳ್ತಾ ಕೂಗ್ತಾ ಬರೋ ನಾಯಿಗೆ ಉಸಿರಿದೆ ಅಂತ ಅರ್ಥ, ಸದ್ದಿಲ್ಲದೆ ಬಂದಿರೋದನ್ನ ನಾವು ಮೊದಲು ಮುಟ್ಟಿ ನೋಡ್ತೀವಿ.

ಬಾಗಿಲಲ್ಲಿ ನಿಂತು ಇದನ್ನ ಮೊದಲು ಗುರುತಿಸೋದು ಎಷ್ಟೋ ಸಲ ಅಸಿಸ್ಟೆಂಟೇ. ಒಸಡು ಬೆಳ್ಳಗಿದ್ಯಾ, ಬಾಯಿ ತೆಗೆದು ಉಸಿರಾಡ್ತಿರೋ ಬೆಕ್ಕಾ, ಹೊಟ್ಟೆ ಉಬ್ಬಿ ವಾಂತಿ ಬರದೆ ಬರೀ ಓಕರಿಸ್ತಿರೋ ದೊಡ್ಡ ನಾಯಿಯಾ, ಹಾವು ಕಚ್ಚಿದ್ದಾ. ಇವು ಒಳಗೆ. ಕಿವಿ ಹೊರಗೆ. ಹೊರಗಿರೋರು ಬಯ್ತಾರೆ, ಬಯ್ಸ್ಕೋಬೇಕು. ಆದ್ರೆ ಆ ಹುಡುಗ ನಿಮಗೆ ಎರಡು ಮಾತು ಬಿಡಿಸಿ ಹೇಳಬೇಕಿತ್ತು, ಅದು ನಿಜ.

ಮೂರು_ಬೆಕ್ಕಿನ_ಮನೆ

ಅಯ್ಯೋ. ನಮ್ಮನೇಲಿ ಎರಡು ಗಂಡು ಬೆಕ್ಕಿವೆ. ಒಳ್ಳೇದಾಯ್ತು ಹೇಳಿದ್ದು. ಇನ್ನೊಂದು ಕೇಳ್ತೀನಿ, ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಬಹುದಾ?

ಪಶುವೈದ್ಯೆ_ಮಳವಳ್ಳಿ

ಬೇಡ! ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಕಾಲು ಮಾತ್ರೆಯೂ ಬೇಡ. ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದುತ್ತೆ. ನಾಯಿಗೆ ನಮ್ಮ ನೋವಿನ ಮಾತ್ರೆ ಐಬುಪ್ರೊಫೆನ್ ಕೂಡ ಹಾಕ್ಬೇಡಿ, ಹೊಟ್ಟೆ ಹುಣ್ಣು, ಕಿಡ್ನಿ ಎರಡೂ ಹೋಗುತ್ತೆ.

ಅಗ್ರಹಾರ_ಅರುಣ

ದಸರಾ ಟೈಮಲ್ಲಿ ಇವರ ಫೋನು ಬಿಡುವಿರಲ್ಲ ಅನ್ಸುತ್ತೆ. ವಿಜಯದಶಮಿ ದಿನ ಕುಶಾಲತೋಪು 21 ಸಲ ಹಾರಿಸ್ತಾರಲ್ಲ, ನಮ್ಮ ಬೀದಿ ನಾಯಿಗಳೆಲ್ಲ ಮಾಯ. ಆನೆಗೆ ಕುದುರೆಗೆ ಮುಂಚೆನೇ ತಾಲೀಮು ಕೊಡ್ತಾರೆ ಶಬ್ದಕ್ಕೆ. ನಮ್ಮ ಲ್ಯಾಬ್ರಡಾರ್‌ಗೆ ಯಾರು ಕೊಡ್ತಾರೆ, ಮಂಚದ ಕೆಳಗೆ ಸೇರಿದ್ದು ಮಾರನೇ ದಿನ ಬಂತು.

ರಾತ್ರಿಪಾಳಿ_ರಾಣಿ

ದಸರಾಗಿಂತ ದೀಪಾವಳಿ ಕಷ್ಟ. ಬೆದರಿ ಗೇಟ್ ಹಾರಿ ಗಾಡಿಗೆ ಸಿಕ್ಕಿರುತ್ವೆ. ಅವತ್ತು ರಜ ಕೇಳ್ಬೇಡ ತಮ್ಮ, ಸಿಗಲ್ಲ.

ಹಳೇ_ಕಾಂಪೌಂಡರ್

ನಿವೃತ್ತ ನೌಕರ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದವನು, ಮಂಡ್ಯ ಜಿಲ್ಲೆಯ ಹಲವು ಕಡೆ ಕೆಲಸ ಮಾಡಿದ್ದೇನೆ. ನಾಯಿ ಬೆಕ್ಕು ನಮ್ಮ ಕಾಲದಲ್ಲಿ ಅಪರೂಪ. ನಮ್ಮ ತುರ್ತು ಅಂದರೆ ಬೇರೆಯೇ.

ಸಂಕ್ರಾಂತಿ ಮಾರನೆಯ ಬೆಳಿಗ್ಗೆ ಕಿಚ್ಚು ಹಾಯಿಸಿದ ಹೋರಿಗಳು ಬರುತ್ತಿದ್ದವು. ಬೆಂಕಿಗಿಂತ ಗಾಬರಿಯಲ್ಲಿ ಬಿದ್ದು ಕಾಲು ಮುರಿದದ್ದೇ ಹೆಚ್ಚು. ಮದುವೆ ಸೀಸನ್ನಿನಲ್ಲಿ ಛತ್ರದ ಹಿಂದೆ ಸುರಿದ ಅನ್ನ ಪಾಯಸ ತಿಂದು ಹೊಟ್ಟೆ ಹುಳಿಯಾದ ದನಗಳು. ಅನ್ನ ಹೆಚ್ಚು ತಿಂದರೆ ಹಸುವಿಗೆ ಅಜೀರ್ಣ ಅಷ್ಟೇ ಎಂದು ಜನ ತಿಳಿಯುತ್ತಾರೆ, ಅಲ್ಲ, ಒಳಗೆ ಆಮ್ಲವಾಗಿ ಪ್ರಾಣವೇ ಹೋಗುತ್ತದೆ. ಸೋಡಾ ಪುಡಿ ಕಲಸಿ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಎಳೆ ಜೋಳದ ಪೈರು ಮೇಯ್ದು ವಿಷವೇರಿದ ದನಕ್ಕೆ ಮಾತ್ರ ಪುರುಸೊತ್ತೇ ಇರುತ್ತಿರಲಿಲ್ಲ. ಅದರಲ್ಲಿರುವುದು ಸೈನೈಡ್. ಡಾಕ್ಟರು ಬರುವಷ್ಟರಲ್ಲಿ ಆ ವಿಷಕ್ಕೆ ಮದ್ದಾದ ಹೈಪೋ ದ್ರಾವಣ ತಯಾರಿರಬೇಕು. ಬಾಟಲಿ ಎಲ್ಲಿದೆ ಎಂದು ಆಗ ಹುಡುಕಿದರೆ ಮುಗಿಯಿತು.

ಹಾಗಾಗಿ ಹುಡುಗನಿಗೆ ನನ್ನ ಮಾತು: ಪಾಳಿ ಶುರುವಾದ ಕೂಡಲೇ ಎಮರ್ಜೆನ್ಸಿ ಟ್ರಾಲಿ ತೆಗೆದು ನೋಡು. ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಷ್ಟರಲ್ಲಿದೆ, ಅಟ್ರೊಪಿನ್ ಇದೆಯೇ, ಅಡ್ರಿನಲಿನ್ ಇದೆಯೇ, ಅವಧಿ ಮುಗಿದಿದೆಯೇ, ಹಾವಿನ ವಿಷದ ಔಷಧ ಫ್ರಿಜ್ಜಿನಲ್ಲಿ ಎಷ್ಟಿದೆ. ಕಬ್ಬಿನ ಗದ್ದೆ ಕಡೆಯಿಂದ ಮಂಡಲದ ಹಾವು ಕಡಿಸಿಕೊಂಡ ನಾಯಿ ಬಂದೇ ಬರುತ್ತದೆ.

ಇನ್ನೊಂದು ಬಹು ಮುಖ್ಯ. ಜೊಲ್ಲು ಸುರಿಸುತ್ತಾ, ವಿಚಿತ್ರವಾಗಿ ಕೂಗುತ್ತಾ, ಗಂಟಲಲ್ಲಿ ಏನೋ ಸಿಕ್ಕಿದೆ ಎನ್ನುವಂತೆ ಮಾಡುವ ಹಸುವನ್ನು ಯಾರಾದರೂ ತಂದರೆ ಬಾಯಿಗೆ ಕೈ ಹಾಕಬೇಡ. ಕಬ್ಬಿನ ತುಂಡು ಸಿಕ್ಕಿದೆ ಎಂದು ಮನೆಯವರು ಆಣೆ ಮಾಡಿ ಹೇಳುತ್ತಾರೆ. ಹುಚ್ಚುನಾಯಿ ಕಡಿದದ್ದೂ ಹೀಗೆಯೇ ಕಾಣುತ್ತದೆ. ಡಾಕ್ಟರು ನೋಡಲಿ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡ. ಕಂದು ಹಾಕಿದ ಹಸುವಿನ ಸತ್ತೆಯನ್ನೂ (ಮಾಸು) ಬರಿಗೈಯಲ್ಲಿ ಮುಟ್ಟಬೇಡ, ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಮನುಷ್ಯನಿಗೂ ಅಂಟುತ್ತದೆ.

ಪಶುವೈದ್ಯೆ_ಮಳವಳ್ಳಿ

ಸಾರ್, ನಮಸ್ಕಾರ. ನಿಮ್ಮಂಥೋರು ಟ್ರಾಲಿ ನೋಡ್ಕೊಂಡಿದ್ರೆ ನಮ್ಮ ಅರ್ಧ ಕೆಲಸ ಆದಂಗೆ.

ನಾನು ಮೇಲೆ ಕಾಯ್ದೆ ಹೇಳಿದ್ದು ಅಸಿಸ್ಟೆಂಟ್‌ಗಳನ್ನ ಕೀಳು ಮಾಡೋಕಲ್ಲ. ಒಳ್ಳೆ ಅಸಿಸ್ಟೆಂಟ್ ಇಲ್ದೆ ನಾನು ಒಂದು ಬೆಕ್ಕಿಗೂ ಸೂಜಿ ಹಾಕಲಾರೆ. ಏನು ರೋಗ, ಯಾವ ಔಷಧಿ, ಎಷ್ಟು, ಇದು ಡಾಕ್ಟರ ತೀರ್ಮಾನ. ಪ್ರಾಣಿ ಬದಲಾಗ್ತಿದೆ ಅಂತ ಮೊದಲು ನೋಡೋದು ಅಸಿಸ್ಟೆಂಟ್. 'ಮೇಡಮ್, ಉಸಿರು ಒಂಥರಾ ಇದೆ, ಬನ್ನಿ' ಅಂತ ಸರಿಯಾದ ಟೈಮಿಗೆ ಕರೆಯೋ ಹುಡುಗ ನನಗೆ ಸಾಕು, ಅವನು ಇಂಜೆಕ್ಷನ್ ಹೆಸರು ಬಾಯಿಪಾಠ ಮಾಡೋದು ಬೇಕಿಲ್ಲ.

ವಿಸಿ_ನಾಲೆ

ಎಲ್ಲಾ ಸರಿ ಮೇಡಮ್, ಆದ್ರೆ ಎಷ್ಟೋ ಕಡೆ ರಾತ್ರಿ ಡಾಕ್ಟ್ರೇ ಇರಲ್ಲ. 'ಆನ್ ಕಾಲ್' ಅಂತಾರೆ. ಇರೋದು ಅಸಿಸ್ಟೆಂಟ್ ಒಬ್ನೇ, ಫೋನಲ್ಲಿ ಡಾಕ್ಟ್ರು 'ಇಷ್ಟು ಹಾಕು' ಅನ್ನದು, ಇವನು ಹಾಕದು. ನನ್ನ ಫ್ರೆಂಡ್ ಒಬ್ಬ ಹಿಂಗೇ ಇದ್ದು ಬಿಟ್ಬಂದ. ನಾಯಿ ಸತ್ತೋದಾಗ ಮನೆಯವ್ರು ಕಾಲರ್ ಹಿಡ್ದಿದ್ದು ಇವನ್ದೇ. ಅಲ್ಲಿ ನಿಮ್ಮ 30ನೇ ಸೆಕ್ಷನ್ ಯಾರ ಕಡೆ?

ಪಶುವೈದ್ಯೆ_ಮಳವಳ್ಳಿ

ಯಾರ ಕಡೆನೂ ಅಲ್ಲ, ಅದು ತಪ್ಪೇ. ಹಾಗಿರೋ ಕಡೆ ಸೇರಲೇಬಾರದು. @ಪಾಂಡವಪುರದ_ಹೈದ ಇದನ್ನ ಸಂಬಳಕ್ಕಿಂತ ಮೊದಲು ಕೇಳು: 'ರಾತ್ರಿ ಡಾಕ್ಟರ್ ಕಟ್ಟಡದಲ್ಲೇ ಇರ್ತಾರಾ?' ಉತ್ತರ ನೇರ ಬರಲಿಲ್ಲ ಅಂದ್ರೆ ಎದ್ದು ಬಾ.

ರಾತ್ರಿಪಾಳಿ_ರಾಣಿ

ನೂರಕ್ಕೆ ನೂರು ಸರಿ. ಜೊತೆಗೆ ಇನ್ನೂ ಕೇಳೋದಿದೆ. ರೇಬಿಸ್ ಲಸಿಕೆ ಅವರೇ ಹಾಕಿಸ್ತಾರಾ? ಎಕ್ಸ್‌ರೇ ತೆಗೆಯುವಾಗ ಪ್ರಾಣಿ ಹಿಡ್ಕೊಳ್ಳೋರಿಗೆ ಸೀಸದ ಏಪ್ರನ್ ಇದೆಯಾ, ಕುತ್ತಿಗೆ ಪಟ್ಟಿ ಇದೆಯಾ? 'ಒಂದೇ ಸೆಕೆಂಡ್, ಏನಾಗಲ್ಲ' ಅಂತಾರೆ, ಆ ಒಂದು ಸೆಕೆಂಡ್ ದಿನಾ ಬರುತ್ತೆ. ಸೂಜಿ ಹಾಕೋಕೆ ತೂತಾಗದ ಬಿಳಿ ಡಬ್ಬ ಇದೆಯಾ, ಇಲ್ಲ ಎಲ್ಲ ಒಂದೇ ಕಸದ ಬುಟ್ಟಿಗಾ? ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮ ಪ್ರಾಣಿ ಆಸ್ಪತ್ರೆಗೂ ಅನ್ವಯ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕೋ ಅಭ್ಯಾಸ ಯಾರಾದ್ರೂ ಕಲಿಸಿದ್ರೆ ಕಲೀಬೇಡ.

ಅಗ್ರಹಾರ_ಅರುಣ

ರೇಬಿಸ್‌ಗೆ ಕಚ್ಚಿದ್ಮೇಲೆ ಹಾಕಿಸ್ಕೊಂಡ್ರೆ ಸಾಕಲ್ವಾ? ಮೊದಲೇ ಯಾಕೆ? ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಲ್ವಾ ಅದು.

ಪಶುವೈದ್ಯೆ_ಮಳವಳ್ಳಿ

ಹೊಕ್ಕಳ ಕಾಲ ಮುಗಿದು ಯಾವ ಕಾಲ ಆಯ್ತು ಸಾರ್ 🙂 ಈಗ ತೋಳಿಗೆ. ಕೆಲಸಕ್ಕೆ ಸೇರೋರಿಗೆ ಮುಂಚಿತವಾಗಿ ಮೂರು ಡೋಸ್: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಇದು ಆಗಿದ್ರೆ ಕಚ್ಚಿದಾಗ ಎರಡೇ ಡೋಸ್, ಮೊದಲ ದಿನ ಮತ್ತು 3ನೇ ದಿನ, ಗಾಯಕ್ಕೇ ಹಾಕೋ ಇಮ್ಯುನೊಗ್ಲೋಬ್ಯುಲಿನ್ ಅನ್ನೋ ಇಂಜೆಕ್ಷನ್ ಬೇಕಿಲ್ಲ. ಆದ್ರೆ ಲಸಿಕೆ ಆಗಿದೆ ಅಂತ ಗಾಯ ತೊಳೆಯೋದು ಬಿಡೋ ಹಂಗಿಲ್ಲ. ಹರಿಯೋ ನೀರಲ್ಲಿ ಸೋಪ್ ಹಾಕಿ ಹದಿನೈದು ನಿಮಿಷ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಲಕ್ಷಣ ಕಾಣಿಸ್ಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಬೆಟ್ಟದ_ಹಕ್ಕಿ

ಕಬ್ಬು ಕಡಿಯುವಾಗ ಸಿಕ್ಕೋ ಚಿರತೆ ಮರಿನ ಬೆಕ್ಕಿನ ಮರಿ ಅನ್ಕೊಂಡು ಯಾರಾದ್ರೂ ಆಸ್ಪತ್ರೆಗೆ ತಂದ್ರೆ ಏನ್ಮಾಡ್ತೀರಾ? ತಮಾಷೆ ಅಲ್ಲ, ಈ ಭಾಗದಲ್ಲಿ ಆಗಾಗ ಸಿಗುತ್ತೆ.

ರಾತ್ರಿಪಾಳಿ_ರಾಣಿ

ಕಾಡುಪ್ರಾಣಿ ನಾವು ಇಟ್ಕೊಳ್ಳೋ ಹಂಗಿಲ್ಲ, ಅರಣ್ಯ ಇಲಾಖೆಗೆ ತಿಳಿಸ್ಬೇಕು. ಗದ್ದೇಲಿ ಸಿಕ್ಕಿದ್ರೆ ಎತ್ಕೊಂಡು ಬರೋದೇ ತಪ್ಪು, ತಾಯಿ ಹತ್ರದಲ್ಲೇ ಇರುತ್ತೆ. ಕೂರ್ಗಳ್ಳಿಲಿ ಮೃಗಾಲಯದವರ ಪುನರ್ವಸತಿ ಕೇಂದ್ರ ಇದೆ, ಆದ್ರೆ ಅಲ್ಲಿಗೂ ಇಲಾಖೆ ಮೂಲಕವೇ ಹೋಗಬೇಕು.

ಪಾಂಡವಪುರದ_ಹೈದ

ಇಷ್ಟೊಂದು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ಎಲ್ಲ ಓದ್ದೆ, ಅಪ್ಪಂಗೂ ಓದಿ ಹೇಳ್ದೆ. ಹೈಪೋ ವಿಷಯ ಬಂದಾಗ ಅಪ್ಪ 'ಆ ಕಾಂಪೌಂಡ್ರು ನಮ್ಮ ಕಡೆಯವ್ರೇ ಇರ್ಬೇಕು' ಅಂದ್ರು. ಉಚ್ಚೆ ಮಾತು ಮತ್ತೆ ಎತ್ತಿಲ್ಲ.

ಓಡಾಟ ಒಂದು ತಲೆನೋವು. ಬೈಕಲ್ಲಿ ಹೋಗೋಣ ಅಂದ್ರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬಿಡಲ್ಲ. ಇನ್ನೊಂದು ಕೇಳ್ಬೇಕು ರಾಣಿ ಅಕ್ಕ, ದುಡ್ಡಿನ ವಿಷಯ. ಮನೆಯವರ ಹತ್ರ ದುಡ್ಡಿಲ್ಲ ಅಂದ್ರೆ ರಾತ್ರಿ ಹೊತ್ತಲ್ಲಿ ಏನ್ಮಾಡ್ತಾರೆ?

ವಿಸಿ_ನಾಲೆ

2023ರ ಆಗಸ್ಟಿಂದ ಬೈಕ್ ಬಂದ್ ಅಲ್ಲಿ. ಆದ್ರೆ ಪಾಂಡವಪುರದಿಂದ ಬರೋನ್ಗೆ ಎಕ್ಸ್‌ಪ್ರೆಸ್‌ವೇ ಯಾಕಪ್ಪ, ಶ್ರೀರಂಗಪಟ್ಟಣದ ಮೇಲೆ ಸರ್ವಿಸ್ ರಸ್ತೇಲಿ ಬಾ. ಇಲ್ಲ ಟ್ರೈನ್ ಹತ್ತು, ಪಾಂಡವಪುರ ಸ್ಟೇಷನ್ ಐತಲ್ಲ. ರಾತ್ರಿ ಪಾಳಿ ಮುಗ್ಸಿ ನಿದ್ದೆಗಣ್ಣಲ್ಲಿ ಬೈಕ್ ಮಾತ್ರ ಬೇಡ.

ರಾತ್ರಿಪಾಳಿ_ರಾಣಿ

ದುಡ್ಡಿನ ವಿಷಯ ಕೇಳಿದ್ಯಲ್ಲ, ಒಳಗಿನ ನಿಜವಾದ ಕಷ್ಟ ಅದೇ. ಕಚ್ಚೋದು ಪರಚೋದು ಅಭ್ಯಾಸ ಆಗುತ್ತೆ.

ಅಂದಾಜು ಖರ್ಚು ಬರೆದ ಚೀಟಿ ಡಾಕ್ಟ್ರು ಬರೀತಾರೆ, ತಗೊಂಡು ಹೋಗಿ ಕೊಡೋದು ನೀನು. ಆಟೋ ಓಡಿಸೋ ಅಣ್ಣ ಒಬ್ರು ಮಗಳ ನಾಯಿಮರಿ ತಂದಿರ್ತಾರೆ, ಚೀಟಿ ನೋಡಿ ಫೋನ್ ತೆಗೆದು ಒಬ್ಬೊಬ್ಬರಿಗೇ ಕರೆ ಮಾಡ್ತಾ ಹೊರಗೆ ಓಡಾಡ್ತಾರೆ. ಇನ್ನೊಬ್ರು ಎರಡು ಲಕ್ಷದ ನಾಯಿ ತಂದು 'ಡ್ರಿಪ್ ಯಾಕೆ, ಒಂದು ಇಂಜೆಕ್ಷನ್ ಕೊಟ್ಟು ಕಳ್ಸಿ' ಅಂತ ಜಗಳ ಆಡ್ತಾರೆ. ಯಾರು ಹೇಗೆ ಅಂತ ಬಟ್ಟೆ ನೋಡಿ ಹೇಳೋಕಾಗಲ್ಲ. ಪೂರ್ತಿ ಆಗದಿದ್ರೆ ಕಡಿಮೇಲಿ ಏನು ಮಾಡಬಹುದು ಅಂತ ಡಾಕ್ಟ್ರನ್ನ ಕೇಳ್ತೀನಿ, ಎಷ್ಟೋ ಸಲ ದಾರಿ ಇರುತ್ತೆ. ನಿನ್ನ ಜೇಬಿಂದ ಹಾಕೋಕೆ ಹೋಗ್ಬೇಡ. ಹದಿಮೂರು ಸಾವಿರದಲ್ಲಿ ಎಷ್ಟು ದಿನ ಹಾಕ್ತೀಯ?

ಉಳಿಯಲ್ಲ, ನೋವು ತಡೆಯೋಕಾಗಲ್ಲ ಅಂತ ಮನೆಯವರು ಡಾಕ್ಟ್ರು ಸೇರಿ ತೀರ್ಮಾನ ಮಾಡಿ ಮತ್ತೆ ಏಳದ ನಿದ್ದೆ ಇಂಜೆಕ್ಷನ್ ಕೊಡೋದೂ ಇರುತ್ತೆ. ಆಗಲೂ ಹಿಡ್ಕೊಳ್ಳೋನು ನೀನೇ. ಅದಕ್ಕೆ ತಯಾರಿ ಅಂತ ಏನೂ ಇಲ್ಲ. ಕೆಲವರು ಮೊದಲ ತಿಂಗಳಲ್ಲೇ ಬಿಟ್ಟು ಹೋಗ್ತಾರೆ, ಅದ್ರಲ್ಲಿ ನಾಚಿಕೆ ಪಡೋದು ಏನಿಲ್ಲ.

ಹಳೇ_ಕಾಂಪೌಂಡರ್

ಮುಂದಿನ ದಾರಿಯ ಬಗ್ಗೆ ಯಾರೂ ಹೇಳಲಿಲ್ಲ. ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿ ಪಶುಸಂಗೋಪನೆಯ ಡಿಪ್ಲೊಮಾ ಇದೆ. ಕಲಿಸುವ ಕಡೆಗಳಲ್ಲಿ ಒಂದು ತಿಪಟೂರು ಕಡೆಯ ಕೋನೇಹಳ್ಳಿ. ಹುಡುಗ ಈ ಕೆಲಸಕ್ಕೆ ಸೇರಿದರೂ ಅರ್ಜಿ ಕರೆದಾಗ ಹಾಕಲಿ. ಇಲಾಖೆಯಲ್ಲಿ ವೆಟರಿನರಿ ಇನ್ಸ್‌ಪೆಕ್ಟರ್ ಹುದ್ದೆಗೆ ಆ ಕಾಗದ ಬೇಕು, ಆಸ್ಪತ್ರೆಯ ಅನುಭವ ಪತ್ರ ಸಾಲದು.

ಪಶುವೈದ್ಯೆ_ಮಳವಳ್ಳಿ

ಇನ್ನೊಂದು ಸಲ ಸಿಇಟಿನೂ ಬರೀಲಿ. ಬಿವಿಎಸ್ಸಿ, ಅಂದ್ರೆ ಪಶುವೈದ್ಯ ಪದವಿ, ಐದೂವರೆ ವರ್ಷ, ಉದ್ದ ಅನ್ಸುತ್ತೆ, ಆದ್ರೆ ಮೇಲೆ ನಡೆದ ಜಗಳಕ್ಕೆಲ್ಲ ಅದೇ ಉತ್ತರ. ರಾತ್ರಿ ಎರಡು ಗಂಟೆಗೆ ಯಾರು ಬರ್ತಾರೆ ಅಂತ ಕೇಳಿದ್ರಲ್ಲ ಹಳ್ಳಿಕಾರ್ ಅಣ್ಣ, ಆ ಊರಿನ ಹುಡುಗನೇ ಡಾಕ್ಟರಾಗಿ ಬರಲಿ.

ಹಳ್ಳಿಕಾರ್_ಹೋರಿ

ಹಂಗಾದ್ರೆ ಸೈ ಕನವ್ವ. ಅಲ್ಲಿಗಂಟ 1962 ಫೋನಲ್ಲಿ ಹಾಕೊತಿನಿ. ನಿಮ್ಮ ನಂಬ್ರೂ ಕೊಟ್ರೆ ಒಳ್ಳೇದು.

ಪಶುವೈದ್ಯೆ_ಮಳವಳ್ಳಿ

ಇಲ್ಲಿ ನಂಬರ್ ಹಾಕೋ ಹಂಗಿಲ್ಲ ಅಣ್ಣ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದ್ಸಲ ಹಗಲಲ್ಲಿ ಹೋಗಿ ಬನ್ನಿ, ಅಲ್ಲೇ ಕೊಡ್ತಾರೆ.

ಪಾಂಡವಪುರದ_ಹೈದ

ಇವತ್ತು ಫೋನ್ ಮಾಡಿ ಕೇಳ್ದೆ. ರಾತ್ರಿ ಡಾಕ್ಟ್ರು ಅಲ್ಲೇ ಇರ್ತಾರಂತೆ, ಮೇಲಿನ ರೂಮಲ್ಲಿ. ಏಪ್ರನ್ ಇದೆಯಂತೆ. ಲಸಿಕೆ ಮಾತ್ರ 'ನೀನೇ ಹಾಕಿಸ್ಕೊಂಡು ಬಾ' ಅಂದ್ರು. ದುಡ್ಡು ಕೊಡ್ತೀರಾ ಅಂದ್ರೆ ಒಂದು ಕ್ಷಣ ಸುಮ್ನಾಗಿ, ಬಿಲ್ ತಗೊಂಡು ಬಾ ನೋಡೋಣ ಅಂದ್ರು.

ರಾತ್ರಿಪಾಳಿ_ರಾಣಿ

ಬಿಲ್ ನಿನ್ನ ಹೆಸರಲ್ಲೇ ಮಾಡಿಸ್ಕೋ, ಜೆರಾಕ್ಸ್ ಕೊಡು, ಒರಿಜಿನಲ್ ಇಟ್ಕೋ. ಮೂರನೇ ಡೋಸ್ ಆಗೋವರೆಗೂ ಹುಚ್ಚಿನ ಅನುಮಾನ ಇರೋ ಪ್ರಾಣಿ ಹಿಡಿಯಲ್ಲ ಅಂತ ಮೊದಲೇ ಹೇಳಿಬಿಡು. ಮುಂದೆ ಮುಚ್ಚಿರೋ ಶೂ ತಗೋ, ಚಪ್ಪಲೀಲಿ ಬರಬೇಡ.